ಕಣ್ಣಿನ ಆಪರೇಷನ್ನು ಮತ್ತು ಜೋಮಿನ ಸೂಜಿ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಾಲ, ಬಡ್ಡಿ, ಬೀಜ-ಗೊಬ್ಬರದ ಮಾತು ಆಡುವ ಹಿರಿಯರು ಈ ವೇದಿಕೆ ಮೇಲೆ ಬಹಳ ಮಂದಿ ಇದ್ದಾರೆ. ನಮಗೆ ಕಣ್ಣಿನ ವಿಷಯ ಹೇಳ್ರಿ ಅಂದಿದ್ದಾರೆ. ಅದರಲ್ಲಿ ನಾವು ಒಂದನ್ನೇ ಆರಿಸಿಕೊಂಡಿದ್ದೇವೆ: ಮೋತಿಬಿಂದಿನ ಆಪರೇಷನ್ನಿಗೆ ಮುಂಚೆ ಕಣ್ಣು ಜೋಮು ಹಿಡಿಸಲು ಮಾಡುವ ಸೂಜಿ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕಿನ ಹಳ್ಳಿಗಳಲ್ಲಿ ತಪಾಸಣೆಗೆ ಹೋದಾಗೆಲ್ಲ ಕಟ್ಟೆಯ ಮೇಲೆ ಕೂತ ಮುತ್ಯಾಗಳು ಕೇಳುವುದು ಇದನ್ನೇ: "ಕಣ್ಣಾಗ ಸೂಜಿ ಚುಚ್ಚತಾರಂತಲ್ರಿ, ಇದ್ದಷ್ಟು ಕಣ್ಣೂ ಹೋದ್ರ ಏನ್ ಮಾಡೂಣು?"

ಈ ಹೆದರಿಕೆ ಪೂರಾ ಸುಳ್ಳಲ್ಲ, ಪೂರಾ ಖರೆಯೂ ಅಲ್ಲ.

1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಎಂಬ ವೈದ್ಯರು ಔಷಧದ ಹನಿ ಬಿಟ್ಟರೆ ಕಣ್ಣು ಜೋಮು ಹಿಡಿಯುತ್ತದೆಂದು ತೋರಿಸಿದರು. ಆಮೇಲೆ ಸೂಜಿ ಬಂತು. ಬೀಳಗಿಯ ಡಾ. ಎಂ.ಸಿ. ಮೋದಿಯವರು 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಮೋತಿಬಿಂದಿನ ಆಪರೇಷನ್ ಮಾಡಿದರು. ಪ್ರತಿಯೊಬ್ಬರಿಗೂ ಇಡೀ ಮೈ ಮೈಮರೆಸಿ ಅಷ್ಟು ಮಾಡಲಾದೀತೇ?

ಈಗ ಸೂಜಿ ಎಲ್ಲಿ ಹೋಗುತ್ತದೆ ನೋಡೋಣ. ಅದು ಕಣ್ಣಿನ ಗುಡ್ಡೆಯೊಳಗೆ ಹೋಗುವುದೇ ಇಲ್ಲ. ಕೆಳ ರೆಪ್ಪೆಯ ಹೊರಮಗ್ಗುಲಿಂದ, ಗುಡ್ಡೆಯ ಪಕ್ಕಕ್ಕೆ ಇಲ್ಲವೆ ಹಿಂದಕ್ಕೆ ಹೋಗುತ್ತದೆ. ಹಿಂದೆ ಇಕ್ಕಟ್ಟಾದ ಜಾಗ. ದೃಷ್ಟಿಯ ನರ, ರಕ್ತನಾಳ ಎಲ್ಲ ಅಲ್ಲೇ. ಅಪರೂಪಕ್ಕೆ ರಕ್ತನಾಳಕ್ಕೆ ತಾಗಿದರೆ ಹಿಂದೆ ರಕ್ತ ತುಂಬಿ ಗುಡ್ಡೆ ಮುಂದಕ್ಕೆ ಬರುತ್ತದೆ, ಕಲ್ಲಿನಂತೆ ಗಟ್ಟಿಯಾಗುತ್ತದೆ. ಒತ್ತಡಕ್ಕೆ ಒಳಪರದೆಗೆ ರಕ್ತ ನಿಂತರೆ ಸುಮಾರು ಒಂದೂವರೆ ತಾಸಿನೊಳಗೆ ಒತ್ತಡ ಇಳಿಸಲೇಬೇಕು. ರೆಪ್ಪೆಯ ಹೊರತುದಿಯನ್ನು ಕೊಯ್ದು ಬಿಡಿಸುವುದೂ ಉಂಟು. ಅಂದಿನ ಆಪರೇಷನ್ ಮುಂದಕ್ಕೆ ಹಾಕುತ್ತಾರೆ. "ಕರಕೊಂಡು ಹೋಗಿ ಹಂಗೇ ವಾಪಸ್ ಕಳಿಸ್ಯಾರ" ಎಂದು ಮನೆಯವರು ಸಿಟ್ಟಾಗಬಾರದು. ಆ ವೈದ್ಯರು ಕಣ್ಣು ಉಳಿಸಿದ್ದಾರೆ.

ಇನ್ನೊಂದು ಅಪಾಯ, ಗುಡ್ಡೆಗೇ ತೂತು ಬೀಳುವುದು. ಸಾಮಾನ್ಯ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 23-24 ಮಿಲಿಮೀಟರ್. ಸಣ್ಣಂದಿನಿಂದ ದಪ್ಪ ಮೈನಸ್ ಚಾಳೀಸು ಹಾಕಿದವರ ಕಣ್ಣು 26 ದಾಟಿ ಉದ್ದ ಇರುತ್ತದೆ, ಗೋಡೆಯೂ ತೆಳು. ಆದ್ದರಿಂದ ಹಳೆ ಚಾಳೀಸು ಮನೆಯಲ್ಲಿದ್ದರೆ ತಗೊಂಡು ಹೋಗ್ರಿ, ತೋರಿಸ್ರಿ. ಸೂಜಿ ಮಾಡುವಾಗ ಮೊದಲು "ಮ್ಯಾಲೆ, ಮೂಗಿನ ಕಡೆ ನೋಡ್ರಿ" ಅನ್ನುತ್ತಿದ್ದರು. ಹಾಗೆ ನೋಡಿದರೆ ನರ ಸೂಜಿಯ ದಾರಿಗೆ ಹತ್ತಿರ ಬರುತ್ತದೆಂದು 1980ರ ದಶಕದ ಆರಂಭದಲ್ಲಿ ಸ್ಕ್ಯಾನ್‌ನಿಂದ ತಿಳಿಯಿತು. ಈಗ ನೇರ ನೋಡಿ ಅನ್ನುತ್ತಾರೆ. ಆಗ ಅಲುಗಾಡಬಾರದು, ಕೆಮ್ಮು ಬರುವಂತಿದ್ದರೆ ಮೊದಲೇ ಹೇಳಬೇಕು.

ಔಷಧ ನರದ ಗುಂಟ ಮೆದುಳಿಗೆ ಏರಿ ಉಸಿರು ಕಟ್ಟುವುದು ತೀರಾ ವಿರಳ. ಅದಕ್ಕೇ ಸೂಜಿ ಮಾಡಿದ ಮೇಲೆ ಕೆಲಹೊತ್ತು ಹತ್ತಿರ ನಿಂತು ನೋಡುತ್ತಾರೆ, ಆಮ್ಲಜನಕ ತಯಾರಿರಬೇಕು.

ಹೃದಯದ ಬ್ಯಾನಿಗೆ ರಕ್ತ ತಿಳಿ ಮಾಡುವ ಗುಳಗಿ ನುಂಗುವವರು ಹೇಳದೆ ಇರಬ್ಯಾಡ್ರಿ, ತಾವೇ ನಿಲ್ಲಿಸಲೂಬ್ಯಾಡ್ರಿ. ನಿಲ್ಲಿಸಿ ಹೃದಯಕ್ಕೆ ಪೆಟ್ಟಾದರೆ ಕಣ್ಣಿನ ಮಾತೇ ಉಳಿಯುವುದಿಲ್ಲ. ಕಾಚಬಿಂದು ಇದ್ದರೂ, ಒಂದೇ ಕಣ್ಣು ಕಾಣುತ್ತಿದ್ದರೂ ಹೇಳಬೇಕು. ಅಂಥವರಿಗೆ ಬರೀ ಹನಿ ಹಾಕಿ, ಇಲ್ಲವೆ ಮೊಂಡು ನಳಿಗೆಯಿಂದ ಔಷಧ ಬಿಟ್ಟು ಮಾಡಲು ಬರುತ್ತದೆಯೇ ಎಂದು ವೈದ್ಯರು ಯೋಚಿಸುತ್ತಾರೆ. ಸಹಿ ಹಾಕುವ ಕಾಗದದಲ್ಲಿ ಇದೆಲ್ಲ ಇರುತ್ತದೆ. ನಮ್ಮ ಸಂಘದ ಸಾಲಪತ್ರಕ್ಕೆ ಓದಿಸಿಕೊಂಡು ಹೆಬ್ಬೆಟ್ಟು ಒತ್ತುವವರು ಅಲ್ಲಿಯೂ ಓದಿಸಿಕೊಳ್ಳಬೇಕಲ್ಲವೇ?

2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಹಲವರ ಕಣ್ಣು ಕೆಟ್ಟ ಸುದ್ದಿ ಕೇಳಿ ನಮ್ಮ ಕಡೆಯೂ ಜನ ಹೆದರಿದರು. ಅದು ಸೋಂಕಿನ ಪ್ರಕರಣ, ಜೋಮಿನ ಸೂಜಿಯದಲ್ಲ. ಎರಡನ್ನೂ ಕೂಡಿಸಿ ಮೋತಿಬಿಂದು ಪೂರಾ ಬಲಿತು ಒಡೆಯುವ ತನಕ ಮನೆಯಲ್ಲಿ ಕೂತರೆ ನೋವು ಬಂದು ಕಣ್ಣು ಕಾಯಂ ಹೋಗಬಹುದು. ಇದರ ಮುಂದೆ ಸೂಜಿಯ ಅಪಾಯ ಸಣ್ಣದು.

ಸೂಜಿಯಾದ ಮೇಲೆ ಆ ಕಣ್ಣು ಕೆಲವು ತಾಸು ಮಂಜಾಗುವುದು, ರೆಪ್ಪೆ ಏಳದಿರುವುದು, ಒಂದು ಎರಡಾಗಿ ಕಾಣುವುದು ಸಹಜ. ಆದರೆ ವಿಪರೀತ ನೋವು, ವಾಂತಿ, ಮರುದಿನ ಪಟ್ಟಿ ಬಿಚ್ಚಿದರೂ ಕತ್ತಲೆ ಇದ್ದರೆ "ನಾಳೆ ನೋಡೂಣು" ಅನ್ನದೆ ಅದೇ ಗಳಿಗೆ ದವಾಖಾನೆಗೆ ಹೊರಡಬೇಕು. ಊರಿಗೆ ಬರುವ ಮುಂಚೆ ಫೋನ್ ನಂಬರು ಬರೆಸಿಕೊಳ್ರಿ.

ಕಡೆಗೆ ಒಂದು ಮಾತು, ಇದು ಆಪರೇಷನ್ ಇಲ್ಲದವರಿಗೂ. ರಾಶಿಯ ಕಾಲಕ್ಕೆ ಜೋಳದ ರವದಿ, ತೊಗರಿ ಹೊಟ್ಟು ಕಣ್ಣಿಗೆ ಬೀಳುತ್ತದೆ. ದವಾಖಾನೆಯಲ್ಲಿ ಜೋಮಿನ ಹನಿ ಹಾಕಿ ಕಸ ತೆಗೆದಾಗ ಥಟ್ಟನೆ ಹಾಯೆನಿಸುತ್ತದೆ. ಅದೇ ಹನಿ ಅಂಗಡಿಯಲ್ಲಿ ಕೇಳಿ ತಂದು ದಿನಾ ಹಾಕಿಕೊಂಡರೆ ಕರಿಗುಡ್ಡೆಯ ಮೇಲಿನ ಗಾಯ ಮಾಯದೆ ಕರಗಿ ಬಿಳಿ ಕಲೆಯಾಗುತ್ತದೆ. ನೋವು ತಿಳಿಯದ ಕಾರಣ ಹಾಳಾಗುವುದೂ ತಿಳಿಯುವುದಿಲ್ಲ. ಆ ಶೀಸೆ ಮನೆಗೆ ತರಬ್ಯಾಡ್ರಿ.