ಎಲ್ಲ ಮಕ್ಕಳ ಶಾಲೆ



ನಾನು ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಈಗ ಅಮೆರಿಕದಲ್ಲಿದ್ದೇನೆ. ಮಗಳು ಓದುವುದು ಎಪಿಸ್ಕೋಪಲ್ ಚರ್ಚಿನ ಶಾಲೆಯಲ್ಲಿ. ಇಂಗ್ಲೆಂಡಿನ ಆಂಗ್ಲಿಕನ್ ಪರಂಪರೆಯಿಂದ ಬಂದ ಚರ್ಚು ಅದು. "ಮಗು ಕ್ರೈಸ್ತಳಾಗಿಬಿಟ್ಟರೆ?" ಎಂದು ಊರಿನಲ್ಲಿ ಕೆಲವರು ಕೇಳಿದ್ದುಂಟು. ಅದಕ್ಕೇ ಈ ನಾಲ್ಕು ಮಾತು.

ಅಲ್ಲಿನ ಸರ್ಕಾರಿ ಶಾಲೆಗಳು ಪ್ರಾರ್ಥನೆ ಮಾಡಿಸುವಂತಿಲ್ಲ. 1962ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹಾಗೆಂದು ತೀರ್ಪಿತ್ತಿದೆ. ಖಾಸಗಿ ಶಾಲೆಗೆ ಆ ತಡೆಯಿಲ್ಲ. ಮಗಳ ಶಾಲೆಯಲ್ಲಿ ವಾರಕ್ಕೊಮ್ಮೆ ಹಿಂದೂ, ಮುಸ್ಲಿಂ, ಯಹೂದಿ ಮಕ್ಕಳೂ ಚಾಪೆಲ್‌ಗೆ ಹೋಗುತ್ತಾರೆ. ಹಾಡದೆ ಸುಮ್ಮನೆ ಕೂರಬಹುದು. ರೊಟ್ಟಿ, ದ್ರಾಕ್ಷಾರಸದ ಪ್ರಸಾದ ಬೇಡದವರು ಎದೆಯ ಮೇಲೆ ಕೈಕಟ್ಟಿ ನಿಂತರೆ ಪಾದ್ರಿಗಳು ಆಶೀರ್ವದಿಸಿ ಕಳಿಸುತ್ತಾರೆ. ಶಾಲೆ ತನ್ನ ಶಿಲುಬೆಯನ್ನು ಬಚ್ಚಿಡುವುದಿಲ್ಲ. ಮಗಳ ಕುಂಕುಮ ಅಳಿಸು ಎನ್ನುವುದೂ ಇಲ್ಲ.

ಆದರೆ ಸುಮ್ಮನೆ ಕೂರಲು ಬಿಟ್ಟರೆ ಸಾಲದು. ದೀಪಾವಳಿಯಂದು ಪರೀಕ್ಷೆ ಇಟ್ಟರೆ, ರಂಜಾನ್ ಉಪವಾಸದ ಹುಡುಗನನ್ನು ಬಿಸಿಲಲ್ಲಿ ಓಡಿಸಿದರೆ, ಗೌರವ ಬರೀ ಬಾಯಿಮಾತಾಗುತ್ತದೆ. ಪೋಷಕರು ಕೂಡಿ ಇದನ್ನು ಹೇಳಿದೆವು. ಈಗ ದಿನಾಂಕ ನಿಗದಿ ಮಾಡುವ ಮೊದಲು ನಮ್ಮನ್ನು ಕೇಳುತ್ತಾರೆ.

ನಮ್ಮದು ಸರ್ಕಾರಿ ಶಾಲೆ. ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಚರ್ಚಿನ ಶಾಲೆಯಲ್ಲಿ ನನ್ನ ಮಗಳು, ಎಷ್ಟೇ ಆದರೂ, ಆದರದ ಅತಿಥಿ. ಇಲ್ಲಿ ಯಾವ ಮಗುವೂ ಅತಿಥಿಯಲ್ಲ, ಎಲ್ಲರೂ ಮನೆಯವರೇ. ಅತಿಥಿಯನ್ನೇ ಅಷ್ಟು ಜತನದಿಂದ ಕಾಣುವುದಾದರೆ, ಮನೆಮಕ್ಕಳನ್ನು ನಾವು ಹೇಗೆ ಕಾಣಬೇಕು? ಶಿಕ್ಷಕರೂ ಊರಿನವರೂ ಇದನ್ನು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ.