ಗಾಯಗೊಂಡ ಸೈನಿಕರನ್ನು ನೋಡಿಬರೋಣ



ಮುಂದಿನ ವಾರ ಬೆಳಗಾವಿಗೆ ಹೋಗಬೇಕು ಅಂತ ನಮ್ಮ ಸಂಘದಲ್ಲಿ ಮಾತಾಗಿದೆ. ಸಂತೆಗಲ್ಲ, ಜಾತ್ರೆಗೂ ಅಲ್ಲ. ಅಲ್ಲಿನ ಮಿಲಿಟರಿ ಆಸ್ಪತ್ರೆಯಲ್ಲಿ ಮಲಗಿರುವ ಸೈನಿಕರನ್ನು, ಮಾಜಿ ಸೈನಿಕರನ್ನು ನೋಡಿಬರಲು. "ಅವರ ಮುಂದ ನಾವೇನು ಮಾತಾಡೂದರಿ?" ಅಂತ ಕೆಲವರು ಕೇಳಿದಿರಿ. ಒಳ್ಳೆಯ ಪ್ರಶ್ನೆ. ಅದಕ್ಕೇ ಈ ಮಾತು.

ಸೈನಿಕರು ನಮಗೆ ಹೊಸಬರಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇದೆ. ಈ ಭಾಗದ ಎಷ್ಟೋ ಊರಿನ ಹುಡುಗರು ಸೈನ್ಯ ಸೇರಿದ್ದಾರೆ. ಪ್ರಾಣ ಕೊಟ್ಟವರ ಹೆಸರನ್ನು ಕಲ್ಲಿನ ಮೇಲೆ ಬರೆಸುತ್ತೇವೆ, ಹೂವಿನ ಹಾರ ಹಾಕುತ್ತೇವೆ. ಗಾಯಗೊಂಡು ಬದುಕಿ ಬಂದವರನ್ನು ಮಾತ್ರ ಬೇಗ ಮರೆಯುತ್ತೇವೆ. ಇದು ಸರಿಯಲ್ಲ.

ಗುಂಡು ಬಿದ್ದರೆ ಮಾತ್ರ ಗಾಯವಲ್ಲ. ಸಿಯಾಚಿನ್ ಎಂಬ ಹಿಮದ ನಾಡಿನಲ್ಲಿ 1984ರಿಂದ ನಮ್ಮ ಸೈನಿಕರು ಕಾವಲಿದ್ದಾರೆ. ಅಲ್ಲಿನ ಚಳಿಗೆ ಬೆರಳುಗಳು ಕಪ್ಪಾಗಿ ಸತ್ತೇ ಹೋಗುತ್ತವೆ. ಆಗ ಕತ್ತರಿಸದೆ ಗತಿಯಿಲ್ಲ. ನೆಲದಲ್ಲಿ ಹೂತ ಬಾಂಬು ತುಳಿದರೆ ಕಾಲೇ ಹೋಗುತ್ತದೆ.

ಬೆನ್ನುಮೂಳೆಯ ಗಾಯ ಇನ್ನೂ ಕಷ್ಟದ್ದು. ಮೂಳೆಯ ಒಳಗೆ ನರದ ಹುರಿ ಇದೆ. ಅದು ತುಂಡಾದರೆ ಕೆಳಗಿನ ಭಾಗಕ್ಕೆ ಸುದ್ದಿ ಮುಟ್ಟುವುದಿಲ್ಲ. ಕಾಲು ಏಳುವುದಿಲ್ಲ. ಇರುವೆ ಕಚ್ಚಿದರೂ ಗೊತ್ತಾಗುವುದಿಲ್ಲ. ಮೂತ್ರದ ಮೇಲೂ ಹಿಡಿತ ಇರುವುದಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿದರೆ ಚರ್ಮ ಕೊಳೆತು ಹುಣ್ಣಾಗುತ್ತದೆ. ಅದಕ್ಕೇ ಹಗಲೂ ರಾತ್ರಿ ಸುಮಾರು 2 ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಮನೆಗೆ ಬಂದ ಮೇಲೆ ಈ ಕೆಲಸ ಯಾರದು? ಹೆಚ್ಚಾಗಿ ಹೆಂಡತಿಯದು, ಇಲ್ಲವೇ ತಾಯಿಯದು. ಆಕೆಗೆ ಯಾರೂ ಪದಕ ಕೊಡುವುದಿಲ್ಲ. ಮಂಚದ ಪಕ್ಕದಲ್ಲಿ ಅಂಥ ಅಕ್ಕ ಕೂತಿದ್ದರೆ ಮೊದಲು ಆಕೆಯ ಕೈ ಹಿಡಿದು ಮಾತಾಡಿಸಿ.

ಬೆನ್ನುಮೂಳೆಗೆ ಪೆಟ್ಟಾದ ಸೈನಿಕರಿಗಾಗಿ ಪುಣೆಯ ಖಡಕಿಯಲ್ಲಿ 1974ರಲ್ಲಿ ಒಂದು ಕೇಂದ್ರ ಶುರುವಾಯಿತು. ಗಾಲಿಕುರ್ಚಿಯಲ್ಲಿ ಕೂತು ಆಟ ಆಡುವುದನ್ನು, ಬಾಯಲ್ಲಿ ಕುಂಚ ಹಿಡಿದು ಚಿತ್ರ ಬಿಡಿಸುವುದನ್ನು ಅಲ್ಲಿ ಕಲಿತವರಿದ್ದಾರೆ. ನಮ್ಮ ನೆರೆಯ ಸಾಂಗ್ಲಿ ಜಿಲ್ಲೆಯ ಮುರಳೀಕಾಂತ ಪೇಟ್ಕರ್ ಅವರ ಹೆಸರು ಕೇಳಿದ್ದೀರಾ? 1965ರ ಯುದ್ಧದಲ್ಲಿ ಅವರ ಮೈಗೆ ಗುಂಡುಗಳು ಹೊಕ್ಕವು. 1972ರಲ್ಲಿ ಜರ್ಮನಿಯಲ್ಲಿ ನಡೆದ ಅಂಗವಿಕಲರ ಒಲಿಂಪಿಕ್ ಪಂದ್ಯದಲ್ಲಿ ಈಜಿ ಚಿನ್ನದ ಪದಕ ಗೆದ್ದರು! ಇಂಥವರ ಮುಂದೆ "ಅಯ್ಯೋ ಪಾಪ" ಅನ್ನಬೇಡಿ. ಕಣ್ಣೀರೂ ಬೇಡ.

"ಹೆಂಗ ಪೆಟ್ಟಾತು?" ಅಂತ ಕೆದಕಬೇಡಿ. ಅವರಾಗಿ ಹೇಳಿದರೆ ಕೇಳಿ. ನಿಂತುಕೊಂಡು ನೋಡಬೇಡಿ, ಕೂತು ಮಾತಾಡಿ. ಯಾವೂರು, ಮಳೆ ಬೆಳೆ ಹೇಗೆ, ಮಕ್ಕಳೆಷ್ಟು ಅಂತ ಕೇಳಿ. "ನೀವು ನಮಗಾಗಿ ಕಾವಲಿದ್ರಿ. ಅದನ್ನ ನೆನಸಾಕ ಬಂದೇವಿ" ಅನ್ನಿ, ಸಾಕು. ಎಲ್ಲರಿಗೂ ಕನ್ನಡ ಬರಲಿಕ್ಕಿಲ್ಲ. ಕೈ ಮುಗಿದರೆ ತಿಳಿಯುತ್ತದೆ. ಹೋಳಿಗೆ, ಉಂಡಿ ಕೊಡುವ ಮುಂಚೆ ನರ್ಸಮ್ಮನನ್ನು ಕೇಳಿ. ಸಕ್ಕರೆ ಕಾಯಿಲೆ ಇದ್ದವರಿರುತ್ತಾರೆ. ಮೊಬೈಲಿನಲ್ಲಿ ಫೋಟೋ ತೆಗೆಯುವುದು ಬೇಡವೇ ಬೇಡ.

ಸುಮ್ಮನೆ ಹೋದರೆ ಗೇಟಿನಲ್ಲಿ ಬಿಡುವುದಿಲ್ಲ. ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗೆ ಅರ್ಜಿ ಕೊಟ್ಟು, ಆಸ್ಪತ್ರೆಯ ಒಪ್ಪಿಗೆ ಕೇಳಬೇಕು. ಅರ್ಜಿಯನ್ನು ಈ ಸಲ ನಾವೇ ಬರೆಯೋಣ. ಕೆಳಗೆ ಹೆಬ್ಬೆಟ್ಟು ಬೇಡ, ಎಲ್ಲರೂ ಸಹಿ ಹಾಕಿ. ಆಧಾರ್ ಕಾರ್ಡ್ ಜೊತೆಗಿರಲಿ.

ಇನ್ನೊಂದು ಮಾತು. ಪ್ರತಿಯೊಬ್ಬರೂ ಒಂದೊಂದು ಕಾರ್ಡು ಬರೆದು ತರಬೇಕು. ಎರಡು ಸಾಲು ಸಾಕು. ಕೆಳಗೆ ನಿಮ್ಮ ಹೆಸರು, ಊರು. ಅಕ್ಷರ ಸೊಟ್ಟಗಿದ್ದರೂ ಪರವಾಗಿಲ್ಲ. ಮಕ್ಕಳ ಕೈಲಿ ಮಾತ್ರ ಬರೆಸಬೇಡಿ. ಶುಕ್ರವಾರ ರಾತ್ರಿ ಊಟ ಮುಗಿಸಿ ಕೇಂದ್ರಕ್ಕೆ ಬನ್ನಿ, ಕೂತು ಬರೆಯೋಣ.