ಮೈಸೂರಿನ ರ‍್ಯಾಲಿ ವಾಹನ

ರ‍್ಯಾಲಿ ಎಂದೊಡನೆ ನಿಮಗೆ ವಿದೇಶಿ ಕಾರುಗಳು ನೆನಪಾಗಬಹುದು. ನಾನು ಹೇಳಹೊರಟಿರುವುದು ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಎರಡು ಗಾಲಿಯ ವಾಹನದ ಸಂಗತಿ.

1960ರ ದಶಕದ ಆರಂಭದಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ಝೆಕೊಸ್ಲೊವಾಕಿಯಾದ ತಂತ್ರಜ್ಞಾನ ಪಡೆದು ಇಲ್ಲಿ 250 ಸಿ.ಸಿ. ಮೋಟಾರ್ ಸೈಕಲ್ ತಯಾರಿಸತೊಡಗಿತು. ಆ ದೇಶದ ತಂಡ ಆರು ದಿನಗಳ ಅಂತರರಾಷ್ಟ್ರೀಯ ಸ್ಪರ್ಧೆಯ ಟ್ರೋಫಿಯನ್ನು 1970ರಿಂದ 1974ರವರೆಗೆ ಸತತ ಐದು ಬಾರಿ ಗೆದ್ದಿತ್ತು. 1973ರಲ್ಲಿ ನಮ್ಮ ಜಾವಾ ‘ಯೆಜ್ಡಿ’ಯಾಯಿತು, 1978ರಲ್ಲಿ ಬಂದ ರೋಡ್‌ಕಿಂಗ್ ನಮ್ಮ ರ‍್ಯಾಲಿ, ಮೋಟೋಕ್ರಾಸ್‌ಗಳಲ್ಲಿ ಹೆಸರು ಮಾಡಿತು.

ಕಾರಣವೇನು? ಕಲ್ಲುದಾರಿಯಲ್ಲಿ ಕ್ಲಚ್ ಕೇಬಲ್ ತುಂಡಾದರೆ ಬೇರೆ ಬೈಕಿನ ಸವಾರ ಪೇಚಿಗೆ ಸಿಲುಕುತ್ತಾನೆ. ಯೆಜ್ಡಿಯಲ್ಲಿ ಗೇರ್ ಲಿವರನ್ನು ಕಾಲಿನಿಂದ ಒತ್ತಿದೊಡನೆ ಕ್ಲಚ್ಚು ತಾನಾಗಿ ಬಿಡಿಸಿಕೊಳ್ಳುತ್ತದೆ, ಸವಾರಿ ನಿಲ್ಲುವುದಿಲ್ಲ. ಅದೇ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್! ಎಡಗಡೆಯ ಅದನ್ನು ಒದೆಯಲು ಹೊಸಬರು ಪರದಾಡುತ್ತಿದ್ದರೆನ್ನಿ.

ಆದರೆ ಪೆಟ್ರೋಲಿನೊಡನೆ ಎಣ್ಣೆಯನ್ನೂ ಸುಡುವ ಈ ಟೂ-ಸ್ಟ್ರೋಕ್ ಎಂಜಿನ್ನಿನ ಹೊಗೆ, ಇಂಧನದ ಖರ್ಚು ಎರಡೂ ಹೆಚ್ಚು. ಹಗುರವಾದ, ಹೆಚ್ಚು ಮೈಲೇಜಿನ ಬೈಕುಗಳ ಮುಂದೆ ಅದು ಸೋತಿತು. 1996ರಲ್ಲಿ ಕಾರ್ಖಾನೆ ಮುಚ್ಚಿ ನೌಕರರು ಕೆಲಸ ಕಳೆದುಕೊಂಡರು. 2022ರಲ್ಲಿ ಯೆಜ್ಡಿ ಹೆಸರು ಮರಳಿತು. ಯಾದವಗಿರಿಯಿಂದಲ್ಲ, ಆ ಲಿವರೂ ಇಲ್ಲ.